ಹಳೇ ಕಾರಿನ ತುಕ್ಕು ಮತ್ತು ನನ್ನ ಇದ್ದಿಲ ಗಂಟು

ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಮನೆ ಮುಂದೆ ಹಳೇ ಮಾರುತಿ 800 ನಿಲ್ಲಿಸಿಕೊಂಡು ಬಣ್ಣ ಹೊಡೆಯುತ್ತಿದ್ದ. ಬಾಗಿಲ ಕೆಳಗೆ ತುಕ್ಕು ಹಪ್ಪಳದ ಹಾಗೆ ಉಬ್ಬಿತ್ತು. ಅದನ್ನು ಉಪ್ಪು ಕಾಗದದಲ್ಲಿ ಎರಡು ಸಲ ಉಜ್ಜಿ, ಮೇಲೆ ಸ್ಪ್ರೇ ಡಬ್ಬ ಒತ್ತಿಬಿಟ್ಟ. "ಅಜ್ಜಿ, ಹೊಸದರ ಹಾಗೆ ಕಾಣ್ತಿದೆ ಅಲ್ವಾ?" ಅಂದ. ಕಾಣುತ್ತೆ ಕಣಪ್ಪ, ಬರೋ ಮಳೆಗಾಲದವರೆಗೆ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ಕಾರು ತಯಾರಾಗುವುದು 2014ರಲ್ಲೇ ನಿಂತುಹೋಯಿತು. ಇರುವುದನ್ನೂ ಹೀಗೆ ಕೆಡಿಸಿದರೆ ಇನ್ನೊಂದನ್ನು ಎಲ್ಲಿಂದ ತರುತ್ತೀರಿ?

ದಾವಣಗೆರೆಯಲ್ಲಿ ಸಮುದ್ರವಿಲ್ಲ, ಉಪ್ಪುಗಾಳಿ ಇಲ್ಲ, ಇಲ್ಲಿ ತುಕ್ಕು ಹೇಗೆ ಹಿಡಿಯುತ್ತೆ ಅಂತ ಕೇಳುತ್ತಾರೆ. ನಮ್ಮ ಎರೆ ಮಣ್ಣು ಸಾಕಲ್ಲ! ಭದ್ರಾ ನಾಲೆ ಪಕ್ಕದ ಗದ್ದೆ ದಾರಿಯಲ್ಲಿ ಒಂದು ಸಲ ಹೋಗಿ ಬನ್ನಿ. ಚಕ್ರದ ಮೇಲಿನ ಮಡಿಕೆಯೊಳಗೆ ಆ ಮಣ್ಣು ಹಿಟ್ಟಿನ ಮುದ್ದೆ ಹಾಗೆ ಅಂಟಿ ಕೂರುತ್ತೆ. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ವಾರಗಟ್ಟಲೆ ಹಸಿಯಾಗಿರುತ್ತೆ. ನೀವು ಮಾತ್ರ ಬಾನೆಟ್ಟು, ಗಾಜು ತೊಳೆದು ಫಳಫಳ ಅಂತ ಖುಷಿಪಡುತ್ತೀರಿ. ಬಾಗಿಲ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ, ಅದು ನೂರರಲ್ಲಿ ಹತ್ತು ಮಂದಿಗೂ ಗೊತ್ತಿರಲಿಕ್ಕಿಲ್ಲ. ತೂತು ಕಟ್ಟಿಕೊಂಡರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತೆ. ಪೊರಕೆ ಕಡ್ಡಿ ಹಾಕಿ ತಿರುವಿದರೆ ಎರಡು ನಿಮಿಷದ ಕೆಲಸ. ಕಾಲಡಿಯ ಮ್ಯಾಟನ್ನೂ ಎತ್ತಿ ನೋಡಿ, ಅದರ ಅಡಿ ಒದ್ದೆ ಇದ್ದರೆ ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ, ಬಣ್ಣ ಆಮೇಲೆ.

ಕೆಲಸ ಶುರು ಮಾಡುವ ಮುಂಚೆ ಸ್ಕ್ರೂಡ್ರೈವರ್ ತುದಿಯಿಂದ ತುಕ್ಕಿನ ಮೇಲೆ ಒತ್ತಿ. ತಗಡು ಗಟ್ಟಿಯಾಗಿ ನಿಂತರೆ ಮನೆಯಲ್ಲಿ ಮಾಡಬಹುದು. ಒಳಗೆ ಹೋಯಿತೋ, ಟಿಂಕರಿಂಗ್‌ನವರ ಹತ್ತಿರ ಹೋಗಿ ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ತೂತಿಗೆ ಪೇಪರ್ ತುರುಕಿ ಮೇಲೆ ಪಟ್ಟಿ (ಕುಳಿ ತುಂಬುವ ಮುದ್ದೆ, ಇಂಗ್ಲಿಷಿನ putty) ಮೆತ್ತಿದ ಕಾರುಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದು ರಿಪೇರಿ ಅಲ್ಲ, ಕೊಂಡುಕೊಳ್ಳುವವನಿಗೆ ಮಾಡುವ ಮೋಸ.

ಕಾರನ್ನು ಸೋಪು ಹಾಕಿ ತೊಳೆದು ಒಣಗಿಸಿ, ಥಿನ್ನರಿನಲ್ಲಿ ಜಿಡ್ಡು ಒರೆಸಿ. ಸೀಮೆಎಣ್ಣೆ ಬೇಡ, ಅದೇ ಜಿಡ್ಡು ಬಿಡುತ್ತೆ. ಬ್ಯಾಟರಿ ವೈರು ಬಿಚ್ಚಿ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಕಿಡಿ ಹಾರುವ ಮೆಷಿನ್ ಹಿಡಿಯಬೇಡಿ. ಉಬ್ಬಿದ ಜಾಗ ಮಾತ್ರವಲ್ಲ, ಅದರ ಸುತ್ತ ಮೂರು ಬೆರಳು ಅಗಲ ಹೆಚ್ಚಿಗೆ ಕೆರೆಯಿರಿ. ತುಕ್ಕು ಬಣ್ಣದ ಅಡಿ ಕಳ್ಳನ ಹಾಗೆ ಮುಂದೆ ಹೋಗಿರುತ್ತೆ. ಮೊದಲು ತಂತಿ ಬ್ರಷ್ಷು, ಆಮೇಲೆ 80 ನಂಬರ್ ಕಾಗದ, ತಗಡು ಬೆಳ್ಳಗೆ ಬರುವವರೆಗೆ. ಕುಳಿಗಳಲ್ಲಿ ಕಪ್ಪು ಚುಕ್ಕಿ ಉಳಿಯುತ್ತೆ, ಅದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕಿನ ಔಷಧಿ ಸಿಗುತ್ತೆ. ಕೈಗವಸು ಹಾಕಿಕೊಂಡು ಹಚ್ಚಿ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಅದರಲ್ಲಿ ಹೇಳಿದ ಹಾಗೇ ಒರೆಸಿ, ಕೂಡಲೇ ಒಣಗಿಸಿ. ಅವತ್ತೇ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಹಚ್ಚುವ ಅಡಿಪದರ, ಬೀಳಬೇಕು. ಬರಿ ತಗಡನ್ನು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆಗೆ ಕೆಂಪು ಕೂತಿರುತ್ತೆ.

ನಮ್ಮ ಮನೆ ಸೊಸೆ ದೋಸೆ ಹಂಚಿಗೂ ಇದನ್ನೇ ಮಾಡುತ್ತಾಳೆ. ರಾತ್ರಿ ಸಿಂಕಿನಲ್ಲಿ ನೀರು ತುಂಬಿಸಿ ಇಟ್ಟು, ಬೆಳಿಗ್ಗೆ "ಅತ್ತೆ, ಹಂಚು ಕಚ್ಚುತ್ತಿದೆ" ಅಂತಾಳೆ. ಕಚ್ಚದೆ ಏನು ಮಾಡುತ್ತೆ! ಕಬ್ಬಿಣದ ಹಂಚನ್ನು ತೊಳೆದ ತಕ್ಷಣ ಒಲೆಯ ಮೇಲಿಟ್ಟು ನೀರು ಆರಿಸಬೇಕು, ಬಿಸಿ ಇರುವಾಗಲೇ ನಾಲ್ಕು ಹನಿ ಎಣ್ಣೆ ಹಾಕಿ ಅರ್ಧ ಈರುಳ್ಳಿಯಿಂದ ಒರೆಸಬೇಕು. ಬೆಣ್ಣೆ ದೋಸೆ ಊರಿನಲ್ಲಿ ಇದನ್ನು ಹೇಳಿಕೊಡಬೇಕಾಗಿ ಬಂತಲ್ಲ.

ಪ್ರೈಮರ್ ವಿಷಯಕ್ಕೆ ಬರೋಣ. ಗೇಟಿಗೆ ಹಚ್ಚಿ ಉಳಿದ ರೆಡ್ ಆಕ್ಸೈಡ್ ಕಾರಿಗೆ ಹಚ್ಚಬೇಡಿ. ಅದರ ಮೇಲೆ ಎನ್‌ಸಿ ಬಣ್ಣ (ಥಿನ್ನರ್ ಬೆರೆಸಿ ಹೊಡೆಯುವ, ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ) ಹೊಡೆದರೆ ಥಿನ್ನರಿನ ಖಾರಕ್ಕೆ ಅಡಿಯ ಪದರ ಎದ್ದು, ಹಾಲಿನ ಕೆನೆ ಹಾಗೆ ಸುಕ್ಕುಗಟ್ಟುತ್ತೆ. ಕಾರಿನ ಎಪಾಕ್ಸಿ ಪ್ರೈಮರನ್ನೇ ತನ್ನಿ. ಅದು ಒಣಗಿದ ಮೇಲೆ ಕುಳಿಗಳಿಗೆ ಪಟ್ಟಿ. ನಿಂಬೆಹಣ್ಣಿನಷ್ಟು ಪಟ್ಟಿಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಕಡಲೆಕಾಳಿನಷ್ಟು ಸಾಕು, ಬೇಸಿಗೆಯಲ್ಲಿ ಇನ್ನೂ ಕಡಿಮೆ. ವೀಳ್ಯದೆಲೆಗೆ ಸುಣ್ಣ ಸವರಿದ ಹಾಗೆ ತೆಳುವಾಗಿ ಎಳೆಯಿರಿ. ಪಟ್ಟಿಯನ್ನು ಒಣಗಿಸಿಯೇ ತೀಡಿ, ನೀರು ಮುಟ್ಟಿಸಬೇಡಿ. ಅದು ನೀರು ಕುಡಿಯುತ್ತೆ, ಮುಂದೆ ಬಣ್ಣದ ಅಡಿ ಗುಳ್ಳೆಯಾಗಿ ಏಳುತ್ತೆ. ಆಮೇಲೆ ಮತ್ತೆ ಒಂದು ಪದರ ಪ್ರೈಮರ್.

ಈಗ ನನ್ನ ಇದ್ದಿಲ ಗಂಟು. ಇದೊಂದನ್ನು ಬಿಟ್ಟು ನಾನು ಬಣ್ಣದ ಡಬ್ಬ ತೆಗೆಯುವುದೇ ಇಲ್ಲ.

ನಮ್ಮ ಮನೆಯವರು ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿ ತಂದಾಗ ಗ್ಯಾರೇಜಿಗೆ ಕೊಡುವಷ್ಟು ದುಡ್ಡಿರಲಿಲ್ಲ. ಹಿತ್ತಲಲ್ಲೇ ನಿಲ್ಲಿಸಿ, ವಯಸ್ಸಾದ ಪೇಂಟರ್ ಒಬ್ಬರನ್ನು ಕರೆದರು. ಅವರು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಒಲೆಯ ಇದ್ದಿಲು ನೋಡಿ, "ಅಮ್ಮಾ, ಅದನ್ನು ಒಂದು ಹಿಡಿ ಕೊಡ್ರಿ" ಅಂದರು. ಆ ದಿನ ಕಲಿತದ್ದು ಇವತ್ತಿಗೂ ಬಿಟ್ಟಿಲ್ಲ.

ಚೆನ್ನಾಗಿ ಸುಟ್ಟು ಆರಿದ ಕಟ್ಟಿಗೆ ಇದ್ದಿಲು ತಗೊಳ್ಳಿ. ಅರ್ಧ ಸುಟ್ಟದ್ದು ಬೇಡ. ಕಲ್ಲಿನಲ್ಲಿ ಕುಟ್ಟಿ ಕಾಡಿಗೆಯಷ್ಟು ನುಣ್ಣಗೆ ಪುಡಿ ಮಾಡಿ, ಮಲ್ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಿರಿ. ಒಂದು ಹರಳು ಉಳಿದರೂ ಪ್ರೈಮರ್ ಮೇಲೆ ಗೀರು ಬೀಳುತ್ತೆ. ನಿಜವಾದ ಕಾಡಿಗೆ ಮಾತ್ರ ಹಚ್ಚಬೇಡಿ, ಅದರಲ್ಲಿ ಎಣ್ಣೆ ಇರುತ್ತೆ. ಪುಡಿಯನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿ, ಮಗುವಿಗೆ ಪೌಡರ್ ಹಾಕುವ ಹಾಗೆ ಒಣಗಿದ ಪ್ರೈಮರ್ ಮೇಲೆ ತಟ್ಟುತ್ತಾ ಹೋಗಿ. ಅಂಗೈಯಿಂದ ಮುಟ್ಟದೆ, ಒಣ ಬಟ್ಟೆಯಲ್ಲಿ ಮೆಲ್ಲಗೆ ಸವರಿ. ಇಡೀ ಬಾಗಿಲು ಬೂದು ಬಣ್ಣಕ್ಕೆ ತಿರುಗಬೇಕು.

ಇನ್ನು 320 ನಂಬರ್ ಕಾಗದವನ್ನು ಹಳೇ ಹವಾಯಿ ಚಪ್ಪಲಿಯ ತುಂಡಿಗೆ ಸುತ್ತಿ, ಓರೆಯಾಗಿ ಆ ಕಡೆ ಈ ಕಡೆ ತೀಡಿ. ಬರಿ ಬೆರಳಿನಿಂದ ಒತ್ತಿದರೆ ಬೆರಳಿನ ಗುರುತೇ ಹಳ್ಳವಾಗುತ್ತೆ, ಅದಕ್ಕೇ ಚಪ್ಪಲಿ. ಉಬ್ಬಿನ ಮೇಲಿನ ಕಪ್ಪು ಮೊದಲು ಹೋಗುತ್ತೆ. ತಗ್ಗಿನ ಕಪ್ಪು ಹಾಗೇ ಉಳಿಯುತ್ತೆ. ಕಣ್ಣಿಗೆ ಕಾಣದ ಹಳ್ಳ, ಗೀರು, ಸೂಜಿಮೊನೆಯ ತೂತು ಎಲ್ಲ ಕಪ್ಪಾಗಿ ಎದ್ದು ನಿಲ್ಲುತ್ತೆ. ಕಪ್ಪು ಉಳಿದ ಕಡೆ ಇನ್ನಷ್ಟು ತೆಳು ಪಟ್ಟಿ ಎಳೆದು, ಪ್ರೈಮರ್ ಹಚ್ಚಿ, ಮತ್ತೆ ಗಂಟು ತಟ್ಟಿ. ಎರಡು ಸಲ, ಮೂರು ಸಲ, ನನ್ನ ಪದ್ಮಿನಿಯ ಒಂದು ಬಾಗಿಲಿಗೆ ಐದು ಸಲ ಮಾಡಿದ್ದೇನೆ. ಕೊನೆಗೆ ತೆಳು ಹತ್ತಿ ಬಟ್ಟೆಯನ್ನು ಅಂಗೈ ಕೆಳಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಸವರಿ ನೋಡಿ. ಕಣ್ಣು ತಪ್ಪಿಸಿಕೊಂಡದ್ದನ್ನು ಕೈ ಹಿಡಿಯುತ್ತೆ. ಆಮೇಲೆ ಒಂದು ಚೂರೂ ಪುಡಿ ಉಳಿಯದ ಹಾಗೆ ಒರೆಸಿ. ಬಿಳಿ ಬಟ್ಟೆ ಬೆಳ್ಳಗೇ ಬರುವವರೆಗೆ ನಾನು ಬಿಡುವುದಿಲ್ಲ.

ಬಣ್ಣ ಹೊಡೆಯುವುದಕ್ಕೆ ಆಷಾಢ ಬೇಡ. ನಮ್ಮ ಕಡೆಯ ಆ ಗಾಳಿ ಧೂಳನ್ನೆಲ್ಲ ತಂದು ಹಸಿ ಬಣ್ಣಕ್ಕೆ ಮೆತ್ತುತ್ತೆ. ಮಳೆಯ ತೇವದಲ್ಲಿ ಎನ್‌ಸಿ ಬಣ್ಣ ಮಂಜು ಕವಿದ ಹಾಗೆ ಬೆಳ್ಳಗಾಗುತ್ತೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿಗೆ ತಲುಪುವ ಮುಂಚೆಯೇ ಒಣಗಿ ರವೆ ರವೆಯಾಗುತ್ತೆ. ದೀಪಾವಳಿ ಕಳೆದ ಮೇಲೆ, ಇಬ್ಬನಿ ಆರಿದ ಬೆಳಗ್ಗೆ ಒಳ್ಳೇದು. ಧೂಳು ಏಳದ ಹಾಗೆ ಸುತ್ತ ನೆಲಕ್ಕೆ ನೀರು ಚಿಮುಕಿಸಿ. ಬಣ್ಣದ ಅಂಗಡಿಗೆ ಪೆಟ್ರೋಲ್ ಹಾಕುವ ಜಾಗದ ಹೊರಗಿನ, ಕಾರಿನ ಬಣ್ಣದ ಮುಚ್ಚಳವನ್ನೇ ಬಿಚ್ಚಿಕೊಂಡು ಹೋಗಿ, ಬಿಸಿಲಿಗೆ ಮಾಸಿದ ಈಗಿನ ಬಣ್ಣಕ್ಕೇ ಹೊಂದಿಸಿ ಕೊಡುತ್ತಾರೆ. ಬೇರೆಯದೇ ಬಣ್ಣ ಬೇಕೆಂದರೆ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಕೊಳ್ಳಬೇಕು. ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣವನ್ನು ಮಾತ್ರ ಮನೆಯಲ್ಲಿ ಸ್ಪ್ರೇ ಮಾಡಬೇಡಿ, ಆ ಹೊಗೆ ಶ್ವಾಸಕೋಶ ಕೆಡಿಸುತ್ತೆ. ಎನ್‌ಸಿ ಆದರೂ ಮಾಸ್ಕ್ ಬೇಕೇ ಬೇಕು, ಹತ್ತಿರದಲ್ಲಿ ಬೆಂಕಿ, ಊದುಬತ್ತಿ, ಬೀಡಿ ಯಾವುದೂ ಇರಬಾರದು.

ಒಂದು ಗೇಣು ದೂರದಿಂದ, ಹಿಂದಿನ ಸಾಲಿನ ಅರ್ಧ ಮುಚ್ಚುವ ಹಾಗೆ, ಕೈ ನಿಲ್ಲಿಸದೆ ಹೊಡೆಯಿರಿ. ಮೊದಲ ಪದರದಲ್ಲೇ ಮುಚ್ಚಿಬಿಡಬೇಕು ಅನ್ನುವ ಆಸೆ ಬೇಡ. ತೆಳುವಾಗಿ ಮೂರ್ನಾಲ್ಕು, ನಡುವೆ ಚಹಾ ಕುಡಿಯುವಷ್ಟು ಹೊತ್ತು. ಚಹಾ ಅಂದೆ, ಮಿರ್ಚಿ ಮಂಡಕ್ಕಿ ಅಲ್ಲ! ಮೊಮ್ಮಗನ ಸ್ನೇಹಿತ ಮಿರ್ಚಿ ತಿಂದ ಕೈಯನ್ನು ಪ್ರೈಮರ್ ಮೇಲಿಟ್ಟ. ಬಣ್ಣ ಹೊಡೆದಾಗ ಐದು ಬೆರಳಿನ ಜಾಗದಲ್ಲೂ ಮೀನಿನ ಕಣ್ಣಿನಂಥ ಕುಳಿಗಳು ಬಿದ್ದವು. ಇಡೀ ಬಾಗಿಲನ್ನು ಮತ್ತೆ ತೀಡಿಸಿದೆ, ಅವನ ಕೈಯಲ್ಲೇ.

ಹೊಡೆದಾದ ಮೇಲೆ ಒಂದು ತಿಂಗಳು ವ್ಯಾಕ್ಸ್ ಬೇಡ, ಪ್ಲಾಸ್ಟಿಕ್ ಕವರ್ ಬೇಡ. ಒಣಗಿದ ಮೇಲೆ ಬಾಗಿಲ ಅಡಿಯ ತೂತುಗಳಿಗೆ ಮತ್ತೊಮ್ಮೆ ಪೊರಕೆ ಕಡ್ಡಿ ಹಾಕಿ ನೋಡಿ, ನೀವು ಹೊಡೆದ ಬಣ್ಣವೇ ಅವನ್ನು ಮುಚ್ಚಿರುತ್ತೆ.