ಟ್ರಿಮ್ ಯಾವ ಪದರದಲ್ಲಿ ನಿಂತಿದೆ?

ಅಳಿಸಿದ ಕಡತಗಳ ಜಾಗ ಖಾಲಿಯಾಗಿದೆ ಎಂದು ಎಸ್‌ಎಸ್‌ಡಿಗೆ ತಿಳಿಸುವ ಆದೇಶವೇ ಟ್ರಿಮ್. ಲಿನಕ್ಸ್‌ನಲ್ಲಿ ಅದನ್ನು ಡಿಸ್ಕಾರ್ಡ್ ಎಂದೂ ಕರೆಯುತ್ತಾರೆ. ಅದು ಎಸ್‌ಎಸ್‌ಡಿಗೆ ತಲುಪುತ್ತಿಲ್ಲ ಎಂದಾಗ ಬಹಳ ಮಂದಿ ಮೊದಲು ಫೈಲ್ ಸಿಸ್ಟಮ್ ಅನ್ನೇ ದೂರುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಹೆಚ್ಚಾಗಿ ಅದರ ಕೆಳಗಿನ ಪದರಗಳಲ್ಲಿರುತ್ತದೆ. ಆದ್ದರಿಂದ ಲಿನಕ್ಸ್‌ನಲ್ಲಿ ನಾನು ಮೊದಲು ಓಡಿಸುವುದು ‘ಎಲ್‌ಎಸ್‌ಬಿಎಲ್‌ಕೆ --ಡಿಸ್ಕಾರ್ಡ್’. ಡಿಸ್ಕ್, ಪಾರ್ಟಿಷನ್, ಲಕ್ಸ್ (ಡಿಸ್ಕನ್ನು ಗೂಢಲಿಪಿಯಲ್ಲಿಡುವ ಪದರ), ಎಲ್‌ವಿಎಂ (ಜಾಗವನ್ನು ವಾಲ್ಯೂಮ್‌ಗಳಾಗಿ ಹಂಚುವ ಪದರ) ಎಲ್ಲವೂ ಅದರಲ್ಲಿ ಮರದ ಕೊಂಬೆಗಳಂತೆ ಕಾಣುತ್ತವೆ. ಡಿಸ್ಕ್-ಗ್ರ್ಯಾನ್ ಮತ್ತು ಡಿಸ್ಕ್-ಮ್ಯಾಕ್ಸ್ ಕಾಲಂಗಳನ್ನು ಮೇಲಿನಿಂದ ಓದುತ್ತಾ ಬನ್ನಿ. ಅಂಕಿ ಎಲ್ಲಿ ಸೊನ್ನೆಗೆ ಇಳಿಯುತ್ತದೆಯೋ ಆ ಪದರವೇ ಡಿಸ್ಕಾರ್ಡ್ ಅನ್ನು ತಡೆಯುತ್ತಿದೆ.

ಧಾರವಾಡದ ಒಂದು ಫೋಟೊ ಸ್ಟುಡಿಯೊದ ಗಣಕದಲ್ಲಿ ಡಿಸ್ಕಿನ ಸಾಲು ಸರಿಯಿತ್ತು, ಲಕ್ಸ್ ಸಾಲಿನಿಂದ ಕೆಳಗೆ ಬರೀ ಸೊನ್ನೆ. ಮಾಲೀಕರು ಹೊಸ ಡಿಸ್ಕ್ ಕೊಳ್ಳಲು ಹೊರಟಿದ್ದರು, ಅದು ಬೇಕಿರಲಿಲ್ಲ. ಲಕ್ಸ್ ತಾನಾಗಿ ಡಿಸ್ಕಾರ್ಡ್ ಬಿಡುವುದಿಲ್ಲ. ಯಾವ ಬ್ಲಾಕುಗಳು ಖಾಲಿ ಎಂಬುದು ಹೊರಗಿನವರಿಗೆ ಗೊತ್ತಾಗಬಾರದು ಎಂಬ ಎಚ್ಚರ ಅದು. ಈ ಗುಟ್ಟು ಬಿಟ್ಟುಕೊಡಬಹುದೇ ಎಂದು ಡಿಸ್ಕಿನ ಒಡೆಯರನ್ನು ಕೇಳಿಯೇ ಮುಂದುವರಿಯಬೇಕು, ನಾನಾಗಿ ತೀರ್ಮಾನಿಸುವುದಿಲ್ಲ. ಒಪ್ಪಿದರೆ, ಲಕ್ಸ್2 ಆಗಿದ್ದಲ್ಲಿ ‘ಕ್ರಿಪ್ಟ್‌ಸೆಟಪ್ --ಅಲೋ-ಡಿಸ್ಕಾರ್ಡ್ಸ್ --ಪರ್ಸಿಸ್ಟೆಂಟ್ ರಿಫ್ರೆಶ್’ ಎಂದು ಮ್ಯಾಪಿಂಗ್ ಹೆಸರಿನೊಂದಿಗೆ (ತೆರೆದ ಲಕ್ಸ್ ಪದರಕ್ಕಿರುವ ಹೆಸರು) ಕೊಡಿ. ಲಕ್ಸ್1 ಆಗಿದ್ದರೆ ಬೂಟ್ ಆಗುವಾಗ ತೆರೆಯಬೇಕಾದ ಲಕ್ಸ್ ಡಿಸ್ಕುಗಳ ಪಟ್ಟಿಯಿರುವ ಕ್ರಿಪ್ಟ್‌ಟ್ಯಾಬ್ ಕಡತದಲ್ಲಿ ‘ಡಿಸ್ಕಾರ್ಡ್’ ಸೇರಿಸಿ. ರೂಟ್ ಪಾರ್ಟಿಷನ್ ಆದರೆ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಬಳಕೆಯಾಗುವ ಪುಟ್ಟ ವ್ಯವಸ್ಥೆ) ಅನ್ನೂ ಹೊಸದಾಗಿ ಕಟ್ಟಿ ರೀಬೂಟ್ ಮಾಡಿ.

ಎಲ್‌ವಿಎಂನ ‘ಇಶ್ಯೂ_ಡಿಸ್ಕಾರ್ಡ್ಸ್’ ಮುಟ್ಟಬೇಡಿ. ಅದು ವಾಲ್ಯೂಮ್ ಅಳಿಸುವಾಗ, ಕಿರಿದಾಗಿಸುವಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಫೈಲ್ ಸಿಸ್ಟಮ್‌ನ ಟ್ರಿಮ್‌ಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಆನ್ ಮಾಡಿಟ್ಟು ತಪ್ಪಾಗಿ ವಾಲ್ಯೂಮ್ ಅಳಿಸಿದರೆ ದತ್ತಾಂಶ ಮರಳಿ ಪಡೆಯುವ ದಾರಿಯೂ ಮುಚ್ಚಬಹುದು.

ಈಗ ಖಾಲಿ ಜಾಗವನ್ನು ಟ್ರಿಮ್ ಮಾಡುವ ‘ಎಫ್‌ಎಸ್‌ಟ್ರಿಮ್ -ವಿ /’ ಓಡಿಸಿ. ಎಕ್ಸ್ಟ್4 ಎಂಬ ಫೈಲ್ ಸಿಸ್ಟಮ್‌ನಲ್ಲಿ ಕೂಡಲೇ ಎರಡನೆಯ ಬಾರಿ ಓಡಿಸಿದರೆ ಸೊನ್ನೆ ಅಥವಾ ತೀರಾ ಕಡಿಮೆ ಬೈಟ್ ತೋರಿಸುತ್ತದೆ, ಗಾಬರಿ ಬೇಡ. ಈಗಾಗಲೇ ಟ್ರಿಮ್ ಆದ ಬ್ಲಾಕ್ ಗುಂಪುಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಮೌಂಟ್ ಮಾಡಿದಾಗ ಆ ನೆನಪು ಹೋಗುತ್ತದೆ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ಗೆ ಈ ನೆನಪಿಲ್ಲ, ಪ್ರತಿ ಸಲವೂ ಖಾಲಿ ಜಾಗವನ್ನೆಲ್ಲ ಎಣಿಸುತ್ತದೆ. ಬಳಿಕ ವಾರಕ್ಕೊಮ್ಮೆ ಓಡುವ ‘ಎಫ್‌ಎಸ್‌ಟ್ರಿಮ್.ಟೈಮರ್’ ಚಾಲೂ ಇದೆಯೇ ನೋಡಿ.

ಎಲ್‌ಎಸ್‌ಬಿಎಲ್‌ಕೆ ತೋರಿಸುವ ಡಿಸ್ಕಿನ ಸಾಲಿನಲ್ಲೇ ಸೊನ್ನೆ ಇದ್ದು ಡಿಸ್ಕ್ ಯುಎಸ್‌ಬಿ ಪೆಟ್ಟಿಗೆಯಲ್ಲಿದ್ದರೆ, ಅಡ್ಡಿ ಬಹುಶಃ ಯುಎಸ್‌ಬಿಯನ್ನು ಡಿಸ್ಕಿಗೆ ಬೆಸೆಯುವ ಪೆಟ್ಟಿಗೆಯ ಬ್ರಿಡ್ಜ್ ಚಿಪ್‌ನಲ್ಲಿದೆ. ಸಾಧನಗಳ ಸೆಟ್ಟಿಂಗ್‌ಗಳನ್ನು ಕಡತಗಳಂತೆ ತೋರಿಸುವ ಸಿಸ್‌ಎಫ್‌ಎಸ್‌ನ ‘ಪ್ರೊವಿಷನಿಂಗ್_ಮೋಡ್’ ಕಡತಕ್ಕೆ ‘ಅನ್‌ಮ್ಯಾಪ್’ ಎಂದು ಬರೆದು ಬಲವಂತ ಮಾಡಬಹುದು. ಆದರೆ ಚಿಪ್ ಆ ಆದೇಶವನ್ನು ತಪ್ಪಾಗಿ ನಿರ್ವಹಿಸಿದರೆ ಕಡತಗಳೇ ಹಾಳಾಗಬಹುದು. ಸ್ಟುಡಿಯೊದ ಮದುವೆ ಚಿತ್ರಗಳಿರುವ ಡಿಸ್ಕಿನ ಮೇಲೆ ನಾನು ಆ ಪ್ರಯೋಗ ಮಾಡುವುದಿಲ್ಲ. ಪೆಟ್ಟಿಗೆ ಬಿಚ್ಚಿ, ಡಿಸ್ಕನ್ನು ನೇರವಾಗಿ ಸಾಟಾ ಪೋರ್ಟಿಗೆ ಜೋಡಿಸಿ ಟ್ರಿಮ್ ಓಡಿಸುತ್ತೇನೆ.