ಮೂರನೇ ಸೂಜಿಗೆ ಹುಳ ಬಗ್ಗಿತು

ಕುರಿಯ ಹೊಟ್ಟೆಯಲ್ಲಿ ರಕ್ತ ಕುಡಿಯುವ ಹೀಮಾಂಕಸ್ ಹುಳಕ್ಕೆ ಲಸಿಕೆ ಮಾಡ್ತೀನಿ ಅಂದಾಗ ನಮ್ಮ ವಿಭಾಗದವರೇ ನಂಬಲಿಲ್ಲ. ‘ಸ್ಕಾಟ್ಲೆಂಡಿನವರು ದಶಕಗಟ್ಟಲೆ ಕೂತು ಮಾಡಿದ್ದು, ಹಾಸನದಲ್ಲಿ ಆಗೋ ಕೆಲಸ ಅಲ್ಲ ಬಿಡಿ ಸಾರ್’ ಅಂದರು. ಅಲ್ಲಿನ ಮೊರೆಡನ್ ಸಂಸ್ಥೆಯವರ ಲಸಿಕೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಮಾರಾಟಕ್ಕೆ ಬಂತು, ನಿಜ. ಅರಸೀಕೆರೆ, ಕಡೂರಿನ ಕುರಿಗೆ ಅದರಿಂದ ಏನು ಬಂತು? ಇಲ್ಲಿ ಹುಳದ ಔಷಧಿ ಆಲ್ಬೆಂಡಜೋಲ್ ಕುಡಿಸಿ ಎರಡು ವಾರ ಬಿಟ್ಟು ಹಿಕ್ಕೆ ನೋಡಿದರೆ ಎಷ್ಟೋ ಮಂದೆಗಳಲ್ಲಿ ಹುಳದ ಮೊಟ್ಟೆ ಹಾಗೇ ಇರುತ್ತಿತ್ತು.

ಮೊದಲ ನಾಲ್ಕೈದು ವರ್ಷ ಹುಳದ ಕರುಳಿನ ಎಚ್-11 ಎಂಬ ಪ್ರೋಟೀನಿನ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಪ್ರೋಟೀನ್ ತೆಗೆಯುವುದರಲ್ಲೇ ಹೋಯಿತು. ಹನ್ನೆರಡು ಲಕ್ಷದ ಪ್ರಾಜೆಕ್ಟ್ ಇದ್ದ ನೆನಪು. ಮುಕ್ಕಾಲು ಪಾಲು ಅದಕ್ಕೇ ಸುರಿದೆವು. ಜೆಲ್‌ನಲ್ಲಿ ಬ್ಯಾಂಡ್ ಚೆನ್ನಾಗಿ ಬರುತ್ತಿತ್ತು, ಎಲೈಸಾ ಪರೀಕ್ಷೆಯಲ್ಲಿ ಕುರಿಯ ರಕ್ತದ ಪ್ರತಿಕಾಯದ ಮಟ್ಟ ಏರುತ್ತಿತ್ತು, ಹೊಟ್ಟೆಯೊಳಗಿನ ಹುಳ ಮಾತ್ರ ಜಗ್ಗಲಿಲ್ಲ. ಹುಳದ ಕರುಳಿನ ಪ್ರೋಟೀನಿಗೆ ಅಂಟಿದ ಸಕ್ಕರೆ, ಅದರ ಮಡಿಕೆ, ಇವೆರಡೂ ಬ್ಯಾಕ್ಟೀರಿಯಾದಲ್ಲಿ ಸರಿಯಾಗಿ ಬರುವುದಿಲ್ಲ. ಹಣ ಕೊಡುವವರು ‘ಹಾಗಾದರೆ ಯೀಸ್ಟ್‌ನಲ್ಲಿ ಮಾಡಿ’ ಅಂದರು. ನಾನು ಹುಳದಿಂದಲೇ ತೆಗೆಯುತ್ತೇನೆ ಅಂತ ಪಟ್ಟು ಹಿಡಿದೆ. ಮುಂದಿನ ಕಂತು ನಿಂತಿತು.

ಹುಳಕ್ಕೆ ಮಟನ್ ಅಂಗಡಿಗಳೇ ಗತಿ. ಭಾನುವಾರ ಬೆಳಗಿನ ಜಾವ ಹೋಗಿ ನಿಲ್ಲಬೇಕು, ಬೋಟಿ ತೊಳೆಯುವ ಮುಂಚೆ ನಾಲ್ಕನೇ ಹೊಟ್ಟೆಯನ್ನು ಎತ್ತಿಡಿಸಿಕೊಳ್ಳಬೇಕು. ಒಂದಕ್ಕೆ ಇಪ್ಪತ್ತು ರೂಪಾಯಿಗೆ ಶುರುವಾದ ದರ ಐವತ್ತಕ್ಕೆ ಹೋಯಿತು. ಸೀಳಿ ಬೆಚ್ಚಗಿನ ಸಲೈನ್ ಟ್ರೇಗೆ ಬಗ್ಗಿಸಿದರೆ ಹೆಣ್ಣು ಹುಳ ಕೆಂಪು-ಬಿಳಿ ಎರಡೆಳೆ ಹುರಿಯ ಹಾಗೆ ಮಿಸುಕುತ್ತವೆ. ಕೆಂಪು ಕುರಿಯ ರಕ್ತ ತುಂಬಿದ ಕರುಳು, ಬಿಳಿ ಅದಕ್ಕೆ ಸುತ್ತಿಕೊಂಡ ಅಂಡಾಶಯ. ತಡವಾದರೆ ಆ ಕೆಂಪು ಕಂದಾಗುತ್ತದೆ, ಅಂಥ ಹುಳವನ್ನು ನಾನು ಮುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ಐವತ್ತು ಹೊಟ್ಟೆ ಸೀಳಿದರೂ ಒಂದು ಗ್ರಾಂ ಕಷ್ಟ. ಆಗಸ್ಟ್ ದಾಟಿದ ಮೇಲೆ ಕೆರೆಯಂಗಳದಲ್ಲಿ ಮೇಯ್ದ ಕುರಿ ಸಿಕ್ಕರೆ ಒಂದೇ ಹೊಟ್ಟೆಯಲ್ಲಿ ಸಾವಿರದ ಮೇಲೆ. ಲೋಳೆಯಿಂದ ಹುಳವನ್ನು ಬೇಗ ಬಿಡಿಸಲು ನನ್ನದೇ ಒಂದು ದಾರಿ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಮುಂದಿನದು ಪ್ರಯೋಗಾಲಯದ ಮಾಮೂಲಿ ಕೆಲಸ: ಹುಳವನ್ನು ಅರೆದು, ತೊಳೆದು, ಟ್ರೈಟಾನ್ ಎಂಬ ಸಾಬೂನಿನಂಥ ದ್ರವದಲ್ಲಿ ಕರಗಿಸಿ, ಸಕ್ಕರೆ ಅಂಟಿದ ಪ್ರೋಟೀನನ್ನು ಹಿಡಿದಿಡುವ ಬೀಡ್ಸ್ ತುಂಬಿದ ಕೊಳವೆಗೆ, ಅಂದರೆ ಕಾನ್-ಎ ಕಾಲಂಗೆ. ಆ ಬೀಡ್ಸ್ ಐದು ಎಂಎಲ್‌ಗೇ ಮೂವತ್ತು-ನಲವತ್ತು ಸಾವಿರ ಬಿತ್ತು, ನನ್ನ ಸಂಬಳದಿಂದಲೇ. ಒಂದೇ ಕಾಲಂನಲ್ಲಿ ಎರಡು ಮಳೆಗಾಲ ದಾಟಿಸಿದ್ದೇನೆ. ಬೇರೆ ಯಾರಾದರೂ ಮಾಡಿದ್ದರೆ ಹೇಳಿ. ಆಸ್ಟ್ರೇಲಿಯಾದ ಡೋಸ್‌ನಲ್ಲಿ ಐದು ಮೈಕ್ರೋಗ್ರಾಂ ಆಂಟಿಜೆನ್ (ಹುಳದಿಂದ ತೆಗೆದ ಆ ಪ್ರೋಟೀನ್), ಲಸಿಕೆಗೆ ಬಲ ಕೊಡಲು ಒಂದು ಮಿಲಿಗ್ರಾಂ ಸಪೋನಿನ್. ನಾನು ಆಂಟಿಜೆನ್ ಜಾಸ್ತಿ ಹಾಕಿದೆ, ಎಷ್ಟು ಎಂಬುದು ಪ್ರಬಂಧ ಅಚ್ಚಾದ ಮೇಲೆ.

ನಡುವೆ ಕಾಫಿ ಸಿಪ್ಪೆಯ ಪ್ರಯೋಗವೂ ಆಯಿತು. ಮೂಡಿಗೆರೆ ಕಡೆಯ ತೋಟದಿಂದ ಎರಡು ಚೀಲ ತರಿಸಿ, ಒಣಗಿಸಿ, ಹಿಂಡಿಗೆ ಬೆರೆಸಿದೆ. ಟ್ಯಾನಿನ್ ಹುಳವನ್ನು ತಗ್ಗಿಸೀತು ಎಂಬ ಆಸೆ. ಕುರಿ ಹಿಂಡಿಯನ್ನಷ್ಟೇ ಹೆಕ್ಕಿ ತಿಂದು ಸಿಪ್ಪೆಯನ್ನು ಬಾನಿಯಲ್ಲೇ ಬಿಟ್ಟವು. ಬೆಲ್ಲದ ನೀರು ಚಿಮುಕಿಸಿ ತಿನ್ನಿಸಿದ ಮೇಲೂ ಮೊಟ್ಟೆ ಲೆಕ್ಕ ಇಳಿಯಲಿಲ್ಲ.

ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿ ಹಟ್ಟಿಗೆ ಹೋದಾಗ ಅರಸೀಕೆರೆ ಸೀಮೆಯ ಹಿರಿಯ ಕುರಿಗಾಹಿಯೊಬ್ಬರು ಕೇಳಿದರು: ‘ಬಾಯಿಗೆ ಹುಯ್ಯೋ ಔಸ್ದಿಗೇ ಸಾಯ್ದಿರೋ ಹುಳ ತೊಗಲಿಗೆ ಚುಚ್ಚಿದ್ರೆ ಸಾಯ್ತದಾ ಬುದ್ಧಿ?’ ‘ಹುಳ ಕುಡಿಯೋ ರಕ್ತದಲ್ಲೇ ಮದ್ದು ಇರ್ತದೆ ಗೌಡ್ರೇ, ಅದರ ಕರುಳಿಗೇ ಹೋಗಿ ಹಿಡ್ಕೊಳ್ತದೆ’ ಅಂದೆ. ಅವರು ಪೂರ್ತಿ ಒಪ್ಪಲಿಲ್ಲ, ಆದರೂ ಕುರಿ ಬಿಟ್ಟುಕೊಟ್ಟರು.

ಈ ಆಂಟಿಜೆನ್ ಹುಳದ ಕರುಳೊಳಗೆ ಅಡಗಿರುತ್ತದೆ, ಹುಳ ಬಿದ್ದರೂ ಕುರಿಯ ಮೈಗೆ ಅದರ ಗುರುತು ಸಿಗುವುದಿಲ್ಲ. ಹಾಗಾಗಿ ಸೂಜಿಯನ್ನು ಮತ್ತೆ ಮತ್ತೆ ಹಾಕಲೇಬೇಕು. ಮೊದಲ ವರ್ಷ ಎರಡು ಸೂಜಿಗೇ ಮಂದೆ ಮೇವು ಹುಡುಕಿ ಹೊರಟುಹೋಯಿತು. ಫಲಿತಾಂಶ ಸೊನ್ನೆ, ನಕ್ಕವರಿಗೆ ಹಬ್ಬ. ಆಮೇಲೆ ತಾರೀಖು ಬಿಟ್ಟು ಮಳೆ ನಕ್ಷತ್ರದಲ್ಲಿ ಹೇಳತೊಡಗಿದೆ: ಅಶ್ವಿನಿಗೊಂದು, ಭರಣಿಗೊಂದು, ರೋಹಿಣಿಗೊಂದು. ಎರಡರಿಂದ ನಾಲ್ಕು ವಾರದ ಅಂತರ ತಾನಾಗಿಯೇ ಬೀಳುತ್ತದೆ, ಮೃಗಶಿರ ಹಿಡಿಯುವ ಹೊತ್ತಿಗೆ ಕುರಿ ತಯಾರು. ನಂತರ ಆರು ವಾರಕ್ಕೊಂದರಂತೆ ಪುನರ್ವಸು, ಮಘೆ. ಆಮೇಲೆ ಯಾರೂ ತಪ್ಪಿಸಲಿಲ್ಲ.

ಆ ವರ್ಷದ ಮಘೆಯಲ್ಲಿ ಸೂಜಿ ಹಾಕದ ಗುಂಪಿನ ಮೊಟ್ಟೆ ಎಣಿಕೆ ಹಿಕ್ಕೆಯ ಗ್ರಾಮಿಗೆ ಮೂರು ಸಾವಿರದ ಆಸುಪಾಸು, ಹಾಕಿದವುಗಳದ್ದು ಐನೂರು-ಆರುನೂರು. ಮೊಟ್ಟೆ ಎಣಿಸುವ ಮ್ಯಾಕ್‌ಮಾಸ್ಟರ್ ಸ್ಲೈಡನ್ನು ಬೇರೆಯವರಿಂದಲೂ ಎಣಿಸಿದೆ, ಅದೇ ಬಂತು. ಹಾಕದ ಕುರಿಗಳ ಒಳರೆಪ್ಪೆ ಬಿಳಿಚಿ, ದವಡೆ ಕೆಳಗೆ ನೀರು ತುಂಬಿತ್ತು. ಕೂಡಲೇ ಇನ್ನೊಂದು ಹುಳದ ಔಷಧಿ ಲೆವಮಿಸೋಲ್ ಕುಡಿಸಿದರೂ ಮೂರೋ ನಾಲ್ಕೋ ಸತ್ತವು; ತಲಾ ಎಂಟೊಂಬತ್ತು ಸಾವಿರ ನಾನೇ ಕಟ್ಟಿಕೊಟ್ಟೆ.

ಈಗ ತರೀಕೆರೆ ಕಡೆಯ ಎರಡು ಹಟ್ಟಿಯವರು ತಾವಾಗಿಯೇ ಕೇಳಿಕೊಂಡು ಬಂದಿದ್ದಾರೆ. ಅಶ್ವಿನಿಯೊಳಗೆ ಆರುನೂರು ಡೋಸ್ ಆಗಬೇಕು. ಫ್ರೀಜರ್‌ನಲ್ಲಿರುವ ಹುಳ ಅರ್ಧಕ್ಕೆ ಸಾಕಾಗುತ್ತದೆ, ಕಾಲಂ ಮಾತ್ರ ಹೊಸದು ಬೇಕು.