ಕಾಲೇಜು ಫುಟ್‌ಬಾಲ್‌ನ ವೈಡ್ ರಿಸೀವರ್‌ನನ್ನು ಅಳೆಯುವುದು ಹೇಗೆ?

ಏಪ್ರಿಲ್ ಕೊನೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್ ನಡೆಯುತ್ತದೆ. 32 ತಂಡಗಳು ಏಳು ಸುತ್ತುಗಳಲ್ಲಿ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ. ಅದಕ್ಕೂ ಎರಡು ತಿಂಗಳ ಮೊದಲೇ ಇಲ್ಲಿನ ನಮ್ಮ ಕನ್ನಡ ಗೆಳೆಯರ ಫ್ಯಾಂಟಸಿ ಲೀಗಿನಲ್ಲಿ ಯಾವ ವೈಡ್ ರಿಸೀವರ್ (ಮುಂದೆ ಓಡಿಹೋಗಿ ಪಾಸ್ ಹಿಡಿಯುವ ಆಟಗಾರ) ಗಟ್ಟಿ, ಯಾವನು ಜೊಳ್ಳು ಎಂಬ ಚರ್ಚೆ ಶುರುವಾಗುತ್ತದೆ. ವರ್ಷ ವರ್ಷವೂ ನಾನು ಕಾಣುತ್ತಿರುವ ತಪ್ಪು ಒಂದೇ: ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡು ಕೈಗೆ ಬಂದ ಮೇಲಿನ ಆಟವನ್ನು ಎಲ್ಲರೂ ನೋಡುತ್ತಾರೆ, ಅದಕ್ಕೆ ಮುಂಚಿನ ಮೂರು ಸೆಕೆಂಡುಗಳನ್ನು ಯಾರೂ ನೋಡುವುದಿಲ್ಲ. ಆಟಗಾರನ ಯೋಗ್ಯತೆ ತಿಳಿಯುವುದು ಆ ಮೂರು ಸೆಕೆಂಡುಗಳಲ್ಲಿ.

ಮೊದಲ ಹಂತ, ಪಂದ್ಯಗಳನ್ನು ಆರಿಸಿಕೊಳ್ಳುವುದು. ಕನಿಷ್ಠ ನಾಲ್ಕು ಪಂದ್ಯಗಳನ್ನು ಪೂರ್ತಿ ನೋಡಬೇಕು. ಎರಡಾದರೂ ಬಲವಾದ ಎದುರಾಳಿಯ ವಿರುದ್ಧ ಆಡಿದವಾಗಿರಬೇಕು, ಒಂದಾದರೂ ಅವನ ತಂಡ ಸೋತದ್ದಾಗಿರಬೇಕು. ಮೂರು ನಿಮಿಷದ ಹೈಲೈಟ್ ವಿಡಿಯೊವನ್ನು ಮುಟ್ಟಲೇಬೇಡಿ. ಅದು ಮದುವೆಯ ಆಲ್ಬಮ್ ಇದ್ದಂತೆ. ಊಟದ ಪಂಕ್ತಿಯಲ್ಲಿ ನಡೆದ ಜಗಳ ಅದರಲ್ಲಿ ಇರುವುದಿಲ್ಲ. ಟಿ.ವಿ. ಪ್ರಸಾರಕ್ಕೂ ಒಂದು ಮಿತಿಯಿದೆ: ಕ್ಯಾಮೆರಾ ಚೆಂಡನ್ನೇ ಹಿಂಬಾಲಿಸುವುದರಿಂದ, ಸ್ನ್ಯಾಪ್ ಆದ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡಿದ, ಒಂದೆರಡು ಸೆಕೆಂಡುಗಳಲ್ಲೇ ರಿಸೀವರ್ ಪರದೆಯಿಂದ ಮಾಯವಾಗುತ್ತಾನೆ. ತರಬೇತುದಾರರು ಬಳಸುವ, ಮೈದಾನದ ಅಷ್ಟೂ ಆಟಗಾರರು ಕಾಣುವ ‘ಆಲ್-22’ ಚಿತ್ರಣ ಕಾಲೇಜು ಪಂದ್ಯಗಳ ಮಟ್ಟಿಗೆ ಜನಸಾಮಾನ್ಯರಿಗೆ ಸುಲಭವಾಗಿ ಸಿಗುವುದಿಲ್ಲ. ಕ್ರೀಡಾಂಗಣಕ್ಕೇ ಹೋಗುವವರು ಮೈದಾನದ ತುದಿಯ ಎಂಡ್ ಝೋನ್ ಹಿಂದಿನ ಮೇಲಿನ ಸಾಲಿನ ಅಗ್ಗದ ಸೀಟನ್ನೇ ಕೊಳ್ಳಲಿ. ಈ ಕೆಲಸಕ್ಕೆ ನಡುಗೆರೆಯ ದುಬಾರಿ ಸೀಟಿಗಿಂತ ಅದೇ ಮೇಲು.

ಎತ್ತರ, ತೂಕ, ವಯಸ್ಸನ್ನು ಒಂದು ಸಾಲಿನಲ್ಲಿ ಬರೆದುಕೊಂಡು ಮುಂದಕ್ಕೆ ಹೋಗಿ. ಸಣಕಲ ಎಂದು ಜನ ಆಡಿಕೊಂಡ ರಿಸೀವರ್ ಡಿವೊಂಟಾ ಸ್ಮಿತ್, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನು 2020ರಲ್ಲಿ ಗೆದ್ದು, ಮರುವರ್ಷ ಡ್ರಾಫ್ಟ್‌ನಲ್ಲಿ ಹತ್ತನೆಯವನಾಗಿ ಆಯ್ಕೆಯಾದ.

ಇನ್ನು ನಿಜವಾದ ಕೆಲಸ. ಪ್ರತಿ ಸ್ನ್ಯಾಪನ್ನೂ ಮೂರು ಸಲ ನೋಡಬೇಕು: ಮೊದಲ ಸಲ ರಿಸೀವರ್‌ನ ಪಾದಗಳನ್ನು ಮಾತ್ರ, ಎರಡನೆಯ ಸಲ ಅವನನ್ನು ಕಾಯುತ್ತಿರುವ ಕಾರ್ನರ್‌ಬ್ಯಾಕ್‌ನ ಸೊಂಟವನ್ನು ಮಾತ್ರ, ಮೂರನೆಯ ಸಲ ಬೇಕೆನಿಸಿದರೆ ಚೆಂಡನ್ನು. ಚೆಂಡು ಅವನತ್ತ ಬಾರದ ಸ್ನ್ಯಾಪ್‌ಗಳನ್ನೂ ಬಿಡಬಾರದು, ಏಕೆಂದರೆ ಅಂಥವೇ ಹೆಚ್ಚು. ಕಾರ್ನರ್ ಏಳೆಂಟು ಗಜ ಹಿಂದೆ ನಿಂತಿದ್ದರೆ, ರಿಸೀವರ್ ಹಿಡಿದ ಐದು ಗಜದ ಪಾಸ್ ಏನನ್ನೂ ಸಾಬೀತು ಮಾಡುವುದಿಲ್ಲ. ಆಟ ಶುರುವಾಗುವ ಗೆರೆಯ ಹಿಂದೆಯೇ ಕೈಗಿಡುವ ಸ್ಕ್ರೀನ್ ಪಾಸ್‌ಗಳಿಗೆ ನಾನು ನೋಟ್‌ಬುಕ್ಕಿನಲ್ಲಿ ಅಡ್ಡಗೆರೆ ಎಳೆದುಬಿಡುತ್ತೇನೆ. ನಮಗೆ ಬೇಕಾದದ್ದು ಕಾರ್ನರ್ ಮೂಗಿಗೆ ಮೂಗು ತಾಗುವಂತೆ ನಿಲ್ಲುವ ಪ್ರೆಸ್ ಸ್ನ್ಯಾಪ್‌ಗಳು. ಎನ್‌ಎಫ್‌ಎಲ್‌ನಲ್ಲಿ ಮೊದಲ ಐದು ಗಜದೊಳಗೆ ಕಾರ್ನರ್ ಕೈಹಾಕಿ ತಡೆಯಬಹುದು, ಆದ್ದರಿಂದ ಇಲ್ಲಿ ಸೋಲುವವನು ಅಲ್ಲಿ ಬಾಳುವುದು ಕಷ್ಟ.

ಪ್ರೆಸ್ ಎದುರಾದಾಗ ಕೆಲವರು ನಿಂತಲ್ಲೇ ನಾಲ್ಕು ಸಲ ಕುಣಿಯುತ್ತಾರೆ. ನೋಡಲು ಸೊಗಸು, ಆದರೆ ಅಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ, ಅವನು ಒಂದು ಗಜವೂ ಮುಂದೆ ಹೋಗಿರುವುದಿಲ್ಲ. ಬಲ್ಲವನು ಮೊದಲ ಹೆಜ್ಜೆಯಲ್ಲೇ ನೆಲ ಗೆಲ್ಲುತ್ತಾನೆ, ಕಬಡ್ಡಿಯ ರೈಡರ್‌ನಂತೆ ಭುಜದಿಂದ ಒಂದು ಸುಳ್ಳು ಹೇಳುತ್ತಾನೆ, ಎದೆಗೆ ಬಂದ ಕೈಯನ್ನು ತಟ್ಟಿಹಾಕುತ್ತಾನೆ. ಈಗ ಕಾರ್ನರ್‌ನ ಸೊಂಟ ನೋಡಿ: ಅದು ಹೊರಗೆರೆಯತ್ತ ತಿರುಗಿ, ರಿಸೀವರ್ ಒಳಗೆ ನುಗ್ಗಿದ್ದರೆ, ಚೆಂಡು ಬರಲಿ ಬಿಡಲಿ, ‘ಗೆದ್ದ’ ಎಂದು ಬರೆಯಿರಿ.

ನಂತರದ್ದು ತಿರುವು. ಹನ್ನೆರಡು ಗಜ ನೇರ ಓಡಿ ಒಳಕ್ಕೆ ತಿರುಗುವ ಡಿಗ್ ರೂಟನ್ನೇ ತೆಗೆದುಕೊಳ್ಳಿ. ಹತ್ತನೆಯ ಗಜದಲ್ಲಿ ಎದೆ ಮೇಲೆದ್ದು, ಹೆಜ್ಜೆಗಳು ತಟತಟನೆ ಸಣ್ಣದಾದರೆ ಕಾರ್ನರ್‌ಗೆ ಮುಂಚಿತವಾಗಿಯೇ ಕಾಗದ ಬರೆದು ತಿಳಿಸಿದಂತಾಯಿತು. ಒಳ್ಳೆಯ ರಿಸೀವರ್ ಸೊಂಟವನ್ನು ಕುಸಿಸಿ, ಎರಡು ಮೂರು ಹೆಜ್ಜೆಗಳಲ್ಲಿ ಇಡೀ ವೇಗವನ್ನು ಕೊಂದು, ತಿರುಗಿದ ಮರುಕ್ಷಣವೇ ಅದನ್ನು ಮರಳಿ ಪಡೆಯುತ್ತಾನೆ. ನೇರ ಓಟವಿರಲಿ, ತಿರುವಿರಲಿ, ಮೊದಲ ಹತ್ತು ಗಜ ಒಂದೇ ತೆರನಾಗಿ ಕಾಣುತ್ತದೆ.

ಇಲ್ಲಿ ಮೈದಾನದ ಲೆಕ್ಕವನ್ನೂ ಮರೆಯಬಾರದು. ಪ್ರತಿ ಸ್ನ್ಯಾಪ್‌ಗೂ ಚೆಂಡನ್ನು ಇಡುವುದು ಎರಡು ಹ್ಯಾಶ್ ಗುರುತುಗಳ ಮೇಲೆ ಇಲ್ಲವೇ ಅವುಗಳ ನಡುವೆ. ಕಾಲೇಜಿನಲ್ಲಿ ಆ ಎರಡರ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಹಾಗಾಗಿ ಚೆಂಡು ಒಂದು ಹ್ಯಾಶ್ ಮೇಲಿದ್ದಾಗ ಕಾಲೇಜು ಮೈದಾನದ ಅಗಲದ ಬದಿಯಲ್ಲಿ 100 ಅಡಿ ಜಾಗವಿರುತ್ತದೆ; ಎನ್‌ಎಫ್‌ಎಲ್‌ನಲ್ಲಿ ಅದು 90 ಅಡಿಯನ್ನೂ ಮುಟ್ಟುವುದಿಲ್ಲ. ಆ ಬದಿಯಲ್ಲಿ ಸಿಕ್ಕ ಬಿಡುವು ಅರ್ಧ ಅವನ ಗಳಿಕೆ, ಅರ್ಧ ಮೈದಾನದ ದಾನ.

ಮೂವತ್ತು ಪ್ರೆಸ್ ಸ್ನ್ಯಾಪ್‌ಗಳಾದರೂ ಸಿಗುವ ತನಕ ನಾನು ತೀರ್ಪು ಕೊಡುವುದಿಲ್ಲ. ಸಿಗದಿದ್ದರೆ ‘ಗೊತ್ತಿಲ್ಲ’ ಎಂದು ಬರೆಯುತ್ತೇನೆಯೇ ಹೊರತು ‘ಆಗದು’ ಎಂದಲ್ಲ. 2019ರಲ್ಲಿ ಲೂಸಿಯಾನಾ ಸ್ಟೇಟ್ ತಂಡದ ಜಸ್ಟಿನ್ ಜೆಫರ್ಸನ್ ಹೆಚ್ಚಾಗಿ ಒಳಗಿನ ಸ್ಲಾಟ್ ಜಾಗದಲ್ಲಿ ನಿಂತು ಆಡಿದ. ಅಲ್ಲಿ ಪ್ರೆಸ್ ಕಡಿಮೆ. ಹೊರಗೆ ನಿಲ್ಲಿಸಿದರೆ ಏನಾದೀತೋ ಎಂಬ ಅನುಮಾನವಿತ್ತು, ಅವನಿಗಿಂತ ಮೊದಲು ನಾಲ್ವರು ರಿಸೀವರ್‌ಗಳು ಆಯ್ಕೆಯಾದರು. 22ನೆಯವನಾಗಿ ಮಿನ್ನೆಸೋಟಾ ಸೇರಿದ ಅವನು ಮೊದಲ ವರ್ಷವೇ 1,400 ಗಜ ಗಳಿಸಿದ. ನಿಂತ ಜಾಗವನ್ನು ನೋಡಿದವರು ತಪ್ಪಿದರು. ತಿರುವನ್ನು ನೋಡಿದವರಿಗೆ ಗುಟ್ಟು ಗೊತ್ತಿತ್ತು.

ಕೈಗಳ ಪರೀಕ್ಷೆ ಸುಲಭ: ಅಂಗೈ ಚಾಚಿ ಹಿಡಿಯುತ್ತಾನೋ, ಎದೆಗೆ ಅವುಚಿಕೊಳ್ಳುತ್ತಾನೋ ನೋಡಿ. ಅಂಚುಗೆರೆಯ ಬಳಿ ಹಿಡಿದ ಚೆಂಡುಗಳನ್ನು ಮಾತ್ರ ಹಿಂದಕ್ಕೆ ತಿರುಗಿಸಿ ನೋಡಿ, ಏಕೆಂದರೆ ಕಾಲೇಜಿನಲ್ಲಿ ಒಂದು ಪಾದ ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಇರಬೇಕು.

40 ಗಜದ ಓಟದ ಸಮಯ ಕೊನೆಗಿರಲಿ. ಡ್ರಾಫ್ಟ್‌ಗೆ ಮುಂಚೆ ಆಟಗಾರರ ದೈಹಿಕ ಪರೀಕ್ಷೆ ನಡೆಯುವ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ ಜಾನ್ ರಾಸ್ 2017ರಲ್ಲಿ 4.22 ಸೆಕೆಂಡಿನ ದಾಖಲೆ ಬರೆದು ಒಂಬತ್ತನೆಯವನಾಗಿ ಆಯ್ಕೆಯಾದ; ಗಾಯಗಳೂ ಕಾಡಿದ ಮೊದಲ ವರ್ಷ ಅವನು ಒಂದೂ ಪಾಸ್ ಹಿಡಿಯಲಿಲ್ಲ. ಅದೇ ವರ್ಷ 4.62 ಓಡಿದ, ಈಸ್ಟರ್ನ್ ವಾಷಿಂಗ್ಟನ್ ಎಂಬ ಚಿಕ್ಕ ತಂಡದ ಕೂಪರ್ ಕಪ್ 69ನೆಯವನಾಗಿ ಹೋಗಿ, 2021ರಲ್ಲಿ 145 ಪಾಸ್, 1,947 ಗಜ, 16 ಟಚ್‌ಡೌನ್‌ಗಳೊಂದಿಗೆ ಮೂರರಲ್ಲೂ ಲೀಗಿಗೇ ಮೊದಲಿಗನಾದ. ಗಡಿಯಾರವನ್ನು ಮೊದಲು ನೋಡಿದರೆ ಕಣ್ಣು ಆಮೇಲೆ ಅದನ್ನೇ ಹುಡುಕುತ್ತದೆ. ದುಡ್ಡು ತೆಗೆದುಕೊಂಡು ‘87.4 ಅಂಕ’ ಕೊಡುವ ಪಟ್ಟಿಗಳನ್ನೂ ಕೊಳ್ಳಬೇಡಿ. ದಶಮಾಂಶದ ಆಚೆಯ ಆ ನಾಲ್ಕು ಎಲ್ಲಿಂದ ಬಂತೆಂದು ಒಮ್ಮೆ ಕೇಳಿ ನೋಡಿದ್ದೆ, ಉತ್ತರ ಬರಲಿಲ್ಲ.

ಕೊನೆಗೆ ಹಾಳೆಯನ್ನು ಎರಡು ಭಾಗ ಮಾಡಿ, ಅವನು ಮೊದಲ ದಿನದಿಂದಲೇ ಓಡಬಲ್ಲ ರೂಟ್‌ಗಳನ್ನು ಒಂದು ಕಡೆ, ಕಲಿಯಬೇಕಾದವನ್ನು ಇನ್ನೊಂದು ಕಡೆ ಬರೆಯಿರಿ. ಕೆಳಗೆ ದಿನಾಂಕ ಹಾಕಿ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿರಿ. ಡ್ರಾಫ್ಟ್ ಮುಗಿದ ರಾತ್ರಿ ತಿದ್ದುವ ಆಸೆ ಎಲ್ಲರಿಗೂ ಬರುತ್ತದೆ.